ಗಾಜಿನೊಳಗಿನ ಕೆರೆ: ಮನೆಯಲ್ಲಿ ಪುಟ್ಟ ಮೀನುಗಳನ್ನು ಸಾಕುವ, ಮರಿ ಮಾಡಿಸುವ ಪಾಠ

ಮೀನಿನ ಮರಿಗೆ ಈಜು ಕಲಿಸಬೇಕೆ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಖಂಡಿತ ಬೇಕಿಲ್ಲ. ಆದರೆ ಮೀನು ಸಾಕುವವರು ಕಲಿಯಬೇಕಾದದ್ದು ಬಹಳಷ್ಟಿದೆ. ಹ್ಯಾನೋವರಿನ ನಮ್ಮ ಮನೆಯಲ್ಲಿ ಹನ್ನೊಂದು ಮೀನುಗಳನ್ನು ಕಳೆದುಕೊಂಡ ಮೇಲೆ ನಮಗೆ ಈ ಮಾತು ಮನವರಿಕೆಯಾಯಿತು. ಅಂದಿನಿಂದ ಓದಿ, ಕೇಳಿ, ತಪ್ಪು ಮಾಡಿ, ತಿದ್ದಿಕೊಂಡು ಕಲಿತದ್ದನ್ನು ಸಂಘದ ಕುಟುಂಬಗಳೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ. ನಾವು ತಜ್ಞರಲ್ಲ. ಆದರೆ ಅಕ್ವೇರಿಯಂ ಕೊಳ್ಳಬೇಕೆಂದು ಯೋಚಿಸುತ್ತಿರುವ ಯಾವ ಮನೆಯಲ್ಲಾದರೂ ನಮ್ಮ ಮೊದಲ ತಪ್ಪು ಮತ್ತೆ ನಡೆಯದಿದ್ದರೆ ಬರೆದದ್ದು ಸಾರ್ಥಕ.

ನಾಯಿ ಬೇಡ, ಮೀನು ಇರಲಿ

ವಿದೇಶದಲ್ಲಿರುವ ಅನೇಕ ಮನೆಗಳಂತೆ ನಮ್ಮಲ್ಲೂ ಮಕ್ಕಳು ಮೊದಲು ಕೇಳಿದ್ದು ನಾಯಿಮರಿ. ಮೂರನೆಯ ಮಹಡಿಯ ಬಾಡಿಗೆ ಮನೆ, ಇಬ್ಬರಿಗೂ ಕೆಲಸ, ವರ್ಷಕ್ಕೊಮ್ಮೆ ಊರಿಗೆ ಹೋಗುವ ಆಸೆ. ಇಷ್ಟರ ನಡುವೆ ನಾಯಿ ಸಾಧ್ಯವಿರಲಿಲ್ಲ. ಒಂದು ಭಾನುವಾರ ಹೆರೆನ್‌ಹೌಸನ್ ಉದ್ಯಾನದ ಬಳಿಯ ಸೀ ಲೈಫ್‌ಗೆ ಹೋದೆವು. 2000ದ ಎಕ್ಸ್‌ಪೋ ವರ್ಷದಲ್ಲಿ ಮಳೆಕಾಡಿನ ಗಾಜಿನ ಮನೆಯಾಗಿ ತೆರೆದು, 2007ರಲ್ಲಿ ಸೀ ಲೈಫ್ ಆದ ಕಟ್ಟಡವದು. ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತದ್ದನ್ನು ಕಂಡಾಗ ನಮಗೆ ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ 1983ರಲ್ಲಿ ಆರಂಭವಾದ ಸರ್ಕಾರಿ ಮತ್ಸ್ಯಾಲಯ ನೆನಪಾಯಿತು. ಅಲ್ಲಿ ನಾವೂ ಹಾಗೆಯೇ ನಿಂತಿದ್ದೆವು. ಮನೆಗೆ ಬರುವಷ್ಟರಲ್ಲಿ ತೀರ್ಮಾನವಾಗಿತ್ತು: ಮೀನು ಸಾಕೋಣ.

ಮೀನು ಸಾಕುವವರಿಗೆ ಜರ್ಮನಿ ಒಳ್ಳೆಯ ಶಾಲೆ. ಎಮಿಲ್ ಅಡಾಲ್ಫ್ ರೋಸ್‌ಮೆಸ್ಲರ್ ಎಂಬ ನಿಸರ್ಗ ವಿಜ್ಞಾನಿ 1856ರಲ್ಲಿ ಲೈಪ್ಸಿಗ್‌ನ ಜನಪ್ರಿಯ ವಾರಪತ್ರಿಕೆಯೊಂದರಲ್ಲಿ ಗಾಜಿನೊಳಗಿನ ಸರೋವರದ ಬಗ್ಗೆ ಲೇಖನ ಬರೆದರು. ಮರುವರ್ಷ ಸಿಹಿನೀರಿನ ಅಕ್ವೇರಿಯಂ ಕುರಿತು ಪುಸ್ತಕವನ್ನೇ ತಂದರು. ಈ ದೇಶದಲ್ಲಿ ಈ ಹವ್ಯಾಸ ಮನೆಮನೆಗೆ ಹರಡಿದ್ದು ಅಲ್ಲಿಂದ. ಹವ್ಯಾಸಿ ಸಂಘಗಳ ರಾಷ್ಟ್ರೀಯ ಒಕ್ಕೂಟ 1911ರಲ್ಲಿಯೇ ಹುಟ್ಟಿತು. ಈಗ ಜಗತ್ತಿನ ಎಲ್ಲ ಅಂಗಡಿಗಳಲ್ಲಿ ಸಿಗುವ ತೆಳು ಹಪ್ಪಳದ ಚೂರಿನಂತಹ ಒಣ ಆಹಾರ 1950ರ ದಶಕದಲ್ಲಿ ಉಲ್ರಿಚ್ ಬೇನ್ಷ್ ಅವರ ಕೈಯಲ್ಲಿ ರೂಪುಗೊಂಡಿತು. ಅವರ ಟೆಟ್ರಾ ಕಂಪನಿ ನೆಲೆಸಿದ್ದು ನಮ್ಮದೇ ನೀಡರ್‌ಸಾಕ್ಸನ್ ರಾಜ್ಯದ ಮೆಲ್ಲೆ ಪಟ್ಟಣದಲ್ಲಿ.

ಒಂದು ಕಾನೂನನ್ನು ಪೋಷಕರು ತಿಳಿದಿರಬೇಕು. ಇಲ್ಲಿನ ಪ್ರಾಣಿ ಸಂರಕ್ಷಣಾ ಕಾಯಿದೆಯಂತೆ ಹದಿನಾರು ವರ್ಷ ತುಂಬದ ಮಕ್ಕಳಿಗೆ ಪೋಷಕರ ಒಪ್ಪಿಗೆಯಿಲ್ಲದೆ ಬೆನ್ನುಮೂಳೆಯುಳ್ಳ ಯಾವ ಪ್ರಾಣಿಯನ್ನೂ ಕೊಡುವಂತಿಲ್ಲ. ಮೀನೂ ಅದರಲ್ಲಿ ಸೇರಿದೆ. ಅಂದರೆ ಮೀನು ಮಗುವಿನದಾದರೂ ಹೊಣೆ ದೊಡ್ಡವರದು.

ನಮ್ಮ ಮೊದಲ ಸೋಲು

ಒಂದು ಶನಿವಾರ ಬೆಳಿಗ್ಗೆ 60 ಸೆಂ.ಮೀ. ಉದ್ದದ, 54 ಲೀಟರಿನ ಟ್ಯಾಂಕ್ ತಂದೆವು. ಜೊತೆಗೆ ಮರಳು, ಫಿಲ್ಟರ್, ದೀಪ, ನಾಲ್ಕು ಗಿಡ. ಸಂಜೆಯ ಹೊತ್ತಿಗೆ ನೀರು ತುಂಬಿಸಿ, ಅಂದೇ ತಂದಿದ್ದ ಹನ್ನೊಂದು ಗಪ್ಪಿ ಮೀನುಗಳನ್ನು ಬಿಟ್ಟೆವು. ಮಕ್ಕಳು ಒಂದೊಂದಕ್ಕೂ ಹೆಸರಿಟ್ಟರು. ದಿನಕ್ಕೆ ನಾಲ್ಕು ಬಾರಿ ಊಟ ಹಾಕಿದರು. ಅತಿಥಿಗಳಿಗೆ ಬಡಿಸಿದಷ್ಟೂ ಸಂತೋಷಪಡುವ ಮನೆತನ ನಮ್ಮದು, ಯಾರೂ ತಡೆಯಲಿಲ್ಲ.

ಎಂಟನೆಯ ದಿನ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯತೊಡಗಿದವು. ಹದಿಮೂರನೆಯ ದಿನಕ್ಕೆ ಟ್ಯಾಂಕ್ ಖಾಲಿ. ಮಗಳು ಗಾಜಿನ ಮುಂದೆ ಕುಳಿತು ಕೇಳಿದಳು, "ನೀರು ಇಷ್ಟು ತಿಳಿಯಾಗಿದೆಯಲ್ಲ, ಮತ್ತೆ ಯಾಕೆ ಸತ್ತವು?"

ನಮ್ಮ ಬಳಿ ಉತ್ತರವಿರಲಿಲ್ಲ. ನೀರು ತಿಳಿಯಾಗಿದ್ದರೆ ಶುದ್ಧ ಎಂದೇ ನಾವೂ ನಂಬಿದ್ದೆವು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗಲೇ ನಮ್ಮ ನಿಜವಾದ ಪಾಠ ಆರಂಭವಾಯಿತು.

ನೀರಿಗೂ ಹೆಪ್ಪು ಬೇಕು

ಮೀನು ತಿಂದದ್ದೆಲ್ಲ ಕೊನೆಗೆ ಅಮೋನಿಯಾ ಆಗಿ ನೀರು ಸೇರುತ್ತದೆ. ಮೀನಿನ ಕಿವಿರುಗಳಿಂದಲೇ ಅದು ಹೊರಬರುತ್ತದೆ, ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ. ನೀರು ಕ್ಷಾರೀಯವಾದಷ್ಟೂ ಅದರ ವಿಷ ಹೆಚ್ಚು. ಹೊಳೆಯಲ್ಲಿ, ಕೆರೆಯಲ್ಲಿ ಕಲ್ಲು, ಕೆಸರು, ಗಿಡಗಳ ಮೇಲೆ ವಾಸಿಸುವ ಬ್ಯಾಕ್ಟೀರಿಯಾಗಳು ಈ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಬೇರೆ ಬ್ಯಾಕ್ಟೀರಿಯಾಗಳು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಸ್ವಲ್ಪ ಪ್ರಮಾಣದಲ್ಲಿದ್ದರೆ ಹಾನಿಯಿಲ್ಲ, ಗಿಡಗಳಿಗೆ ಅದು ಗೊಬ್ಬರ. ಆದರೆ ನಡುವಿನ ನೈಟ್ರೈಟ್ ಬಹಳ ಅಪಾಯಕಾರಿ. ಅದು ಮೀನಿನ ರಕ್ತ ಸೇರಿ, ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ. ಸುತ್ತ ಗಾಳಿಯಾಡುವ ನೀರಿದ್ದರೂ ಮೀನು ಉಸಿರುಕಟ್ಟಿ ಸಾಯುತ್ತದೆ. ನಮ್ಮ ಗಪ್ಪಿಗಳು ಮೇಲೆ ಬಂದು ಬಾಯಿ ತೆರೆದದ್ದು ಇದಕ್ಕೇ.

ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾಗಳು ಇರುವುದಿಲ್ಲ. ಅವು ಬೆಳೆಯಲು ಮೂರರಿಂದ ಆರು ವಾರ ಬೇಕು. ಹಾಲಿಗೆ ಹೆಪ್ಪು ಹಾಕಿದ ತಕ್ಷಣ ಯಾರೂ ಮೊಸರು ಬಡಿಸುವುದಿಲ್ಲ. ಹ್ಯಾನೋವರಿನ ಚಳಿಗಾಲದಲ್ಲಿ ದೋಸೆ ಹಿಟ್ಟನ್ನು ಓವನ್ನಿನ ದೀಪದ ಕೆಳಗಿಟ್ಟು ಮರುದಿನದವರೆಗೆ ಕಾಯುವ ನಮಗೆ ಈ ಮಾತು ಕಷ್ಟವಾಗಬಾರದಿತ್ತು. ಮೀನಿನ ವಿಷಯದಲ್ಲಿ ಮಾತ್ರ ನಾವು ಕಾಯಲಿಲ್ಲ.

ಎರಡನೆಯ ಬಾರಿ ನಾವು ಮಾಡಿದ ಕ್ರಮ ಹೀಗಿತ್ತು:

1. ಟ್ಯಾಂಕಿಗೆ ಮರಳು, ನೀರು, ದಟ್ಟವಾಗಿ ಗಿಡಗಳನ್ನು ಹಾಕಿ ಫಿಲ್ಟರ್ ಓಡಿಸಿದೆವು. ಮೀನು ಹಾಕಲಿಲ್ಲ.

2. ಆರೋಗ್ಯವಂತ ಮೀನುಗಳಿದ್ದ, ಪರಿಚಿತರೊಬ್ಬರ ಹಳೆಯ ಟ್ಯಾಂಕಿನಿಂದ ಫಿಲ್ಟರಿನ ಸ್ಪಂಜಿನ ಒಂದು ತುಂಡನ್ನು ತಂದು ನಮ್ಮ ಫಿಲ್ಟರಿನೊಳಗೆ ಇಟ್ಟೆವು. ಇದೇ ಹೆಪ್ಪು. ತರುವಾಗ ಒಣಗಿಸಬಾರದು, ಆ ಟ್ಯಾಂಕಿನ ನೀರಿನಲ್ಲೇ ಮುಳುಗಿಸಿ ತರಬೇಕು.

3. ಎರಡು ದಿನಕ್ಕೊಮ್ಮೆ ಚಿಟಿಕೆಯಷ್ಟು ಮೀನಿನ ಆಹಾರವನ್ನು ಖಾಲಿ ಟ್ಯಾಂಕಿಗೆ ಹಾಕಿದೆವು. ಅದು ಕೊಳೆತು ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತದೆ.

4. ಅಂಗಡಿಯಲ್ಲಿ ಸಿಗುವ ಹನಿ ಪರೀಕ್ಷೆಯಿಂದ ನೈಟ್ರೈಟ್ ಅಳೆದು, ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಳು. ಮೊದಲ ದಿನಗಳಲ್ಲಿ ಸೊನ್ನೆ. ಆಮೇಲೆ ಏರಿತು, ಮತ್ತೆ ಇಳಿಯಿತು. ಏರಿ ಇಳಿದು, ಒಂದು ವಾರ ಸತತವಾಗಿ ಸೊನ್ನೆ ಬಂದ ಮೇಲೆಯೇ ಮೀನು ತಂದೆವು. ಅದೂ ಮೊದಲು ನಾಲ್ಕೇ ನಾಲ್ಕು.

ಮೊದಲ ದಿನದ ಸೊನ್ನೆಗೂ ಕೊನೆಯ ಸೊನ್ನೆಗೂ ವ್ಯತ್ಯಾಸವಿದೆ ಎಂಬುದೇ ಮಕ್ಕಳು ಇಲ್ಲಿ ಕಲಿಯುವ ದೊಡ್ಡ ವಿಜ್ಞಾನ. ಮೊದಲನೆಯದು ಏನೂ ಆರಂಭವಾಗದ ಸೊನ್ನೆ. ಕೊನೆಯದು ಕೆಲಸ ನಡೆಯುತ್ತಿರುವ ಸೊನ್ನೆ.

ಇನ್ನೊಂದು ಎಚ್ಚರಿಕೆ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ಸೋಪು ಹಾಕಿ ಫಳಫಳ ಎನ್ನುವಂತೆ ತೊಳೆಯಬೇಡಿ. ಹೆಪ್ಪೆಲ್ಲ ಚರಂಡಿ ಸೇರುತ್ತದೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಹಿಂಡಿದರೆ ಸಾಕು.

ಹ್ಯಾನೋವರಿನ ನೀರು

ಬೆಂಗಳೂರಿನಲ್ಲಿ ಕಾವೇರಿ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ಇಟ್ಟು, ಕ್ಲೋರಿನ್ ಹೋದ ಮೇಲೆ ಮೀನಿಗೆ ಹಾಕುತ್ತಿದ್ದುದು ಕೆಲವರಿಗೆ ನೆನಪಿರಬಹುದು. ಇಲ್ಲಿ ಆ ತೊಂದರೆ ಸಾಮಾನ್ಯವಾಗಿ ಇಲ್ಲ. ಇಲ್ಲಿ ನೋಡಬೇಕಾದದ್ದು ಗಡಸುತನ, ಅಂದರೆ ಚಹಾ ಕೆಟಲಿನ ತಳದಲ್ಲಿ ಬಿಳಿ ಪೊರೆ ಕಟ್ಟುವ ಸುಣ್ಣದ ಅಂಶ. ಜರ್ಮನಿಯಲ್ಲಿ ಇದನ್ನು ಜರ್ಮನ್ ಡಿಗ್ರಿಯಲ್ಲಿ ಹೇಳುತ್ತಾರೆ. 8.4 ಡಿಗ್ರಿಗಿಂತ ಕಡಿಮೆಯಿದ್ದರೆ ಮೆದು ನೀರು, 14ರವರೆಗೆ ಮಧ್ಯಮ, ಅದಕ್ಕೂ ಮೇಲೆ ಗಡಸು. ನೀರು ಪೂರೈಸುವ ಎನರ್‌ಸಿಟಿ ಸಂಸ್ಥೆ ಬಡಾವಣೆವಾರು ವಿವರ ಪ್ರಕಟಿಸುತ್ತದೆ. ಬಟ್ಟೆ ಒಗೆಯುವ ಪುಡಿಗಾಗಿ ನೋಡುವ ಅದೇ ಸಂಖ್ಯೆಯನ್ನು ಮೀನಿಗಾಗಿಯೂ ನೋಡಿ.

ನಮ್ಮ ಅನುಭವದ ಸಲಹೆ ಇಷ್ಟೇ: ಮೀನಿಗೆ ತಕ್ಕಂತೆ ನೀರನ್ನು ಬದಲಿಸುವುದಕ್ಕಿಂತ ನೀರಿಗೆ ತಕ್ಕ ಮೀನನ್ನು ಆರಿಸಿಕೊಳ್ಳುವುದು ಸುಲಭ. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಅಷ್ಟೇ ಬೆಚ್ಚಗಿನ ಹೊಸ ನೀರು ಹಾಕಿ. ನಲ್ಲಿಯನ್ನು ತೆರೆದ ಕೂಡಲೇ ಬರುವ, ರಾತ್ರಿಯಿಡೀ ತಾಮ್ರದ ಕೊಳವೆಯಲ್ಲಿ ನಿಂತ ನೀರನ್ನು ಮೊದಲು ಹೊರಗೆ ಬಿಡಿ.

ಯಾವ ಮೀನು?

ಐದು ಸೆಂಟಿಮೀಟರ್ ಮೀರದ ಮೀನುಗಳಲ್ಲಿ ನಾವು ಸಾಕಿ ನೋಡಿದ ಮೂರರ ಬಗ್ಗೆ ಮಾತ್ರ ಹೇಳುತ್ತೇವೆ.

ಮೊದಲನೆಯದು ಗಪ್ಪಿ. ಮೂಲ ದಕ್ಷಿಣ ಅಮೆರಿಕದ್ದು. ಇದಕ್ಕೆ ವೈಜ್ಞಾನಿಕ ಹೆಸರಿಟ್ಟವರು ಬರ್ಲಿನ್ನಿನ ವಿಲ್‌ಹೆಲ್ಮ್ ಪೀಟರ್ಸ್, 1859ರಲ್ಲಿ. ಗಪ್ಪಿ ಸೊಳ್ಳೆಮರಿಗಳನ್ನು ತಿನ್ನುವುದರಿಂದ 1990ರ ದಶಕದಲ್ಲಿ ಮಲೇರಿಯಾ ತಡೆಯಲು ಕರ್ನಾಟಕದ ಹಳ್ಳಿಗಳ ಬಾವಿಗಳಿಗೆ ಇದನ್ನು ಬಿಟ್ಟಿದ್ದರು. ನಮ್ಮಲ್ಲಿ ಕೆಲವರ ಅಜ್ಜಿಮನೆಯ ಬಾವಿಯಲ್ಲಿ ಕಂಡ ಪುಟ್ಟ ಮೀನು ಇದೇ ಇರಬಹುದು. ಸ್ವಲ್ಪ ಗಡಸು ನೀರು ಇದಕ್ಕೆ ಹಿತ. ಇದು ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತದೆ. ಸುಮಾರು ನಾಲ್ಕು ವಾರಕ್ಕೊಮ್ಮೆ ಇಪ್ಪತ್ತು, ಮೂವತ್ತು ಮರಿ. ಒಮ್ಮೆ ಗಂಡಿನ ಜೊತೆಗಿದ್ದ ಹೆಣ್ಣು ಆಮೇಲೆ ಒಂಟಿಯಾಗಿದ್ದರೂ ತಿಂಗಳುಗಟ್ಟಲೆ ಮರಿ ಹಾಕಬಲ್ಲದು. ಹಾಗಾಗಿ ಇಲ್ಲಿನ ಸಮಸ್ಯೆ ಮರಿ ಮಾಡಿಸುವುದಲ್ಲ, ಮರಿಗಳಿಗೆ ಮನೆ ಹುಡುಕುವುದು. ಮರಿ ಬೇಡವಾದರೆ ಗಂಡುಗಳನ್ನು ಮಾತ್ರ ಸಾಕಿ.

ಎರಡನೆಯದು ಜೀಬ್ರಾ ಮೀನು. ನೀಲಿ ಪಟ್ಟೆಯ ಈ ಮೀನು ನಮ್ಮ ಉಪಖಂಡದ ತೊರೆ, ಗದ್ದೆಗಳದು. ಈಗ ಜಗತ್ತಿನಾದ್ಯಂತ ವಿಜ್ಞಾನಿಗಳು ಭ್ರೂಣದ ಬೆಳವಣಿಗೆಯನ್ನು ಅಭ್ಯಾಸ ಮಾಡುವುದು ಇದರ ಪಾರದರ್ಶಕ ಮೊಟ್ಟೆಗಳಲ್ಲಿ. ಇದು ಸದಾ ಓಡಾಡುವ, ಗುಂಪಿನಲ್ಲಿರುವ ಜೀವ. 80 ಸೆಂ.ಮೀ. ಉದ್ದದ ಟ್ಯಾಂಕಿನಲ್ಲಿ ಎಂಟು, ಹತ್ತು ಮೀನುಗಳಾದರೂ ಇರಬೇಕು.

ಮೂರನೆಯದು ಡಾರಿಯೊ ಡಾರಿಯೊ ಎಂಬ ಕೆಂಪು ಕುಬ್ಜ ಮೀನು. ಗಂಡು ಎರಡು ಸೆಂಟಿಮೀಟರಿನಷ್ಟು, ಮೈಮೇಲೆ ಕುಂಕುಮದ ಬಣ್ಣದ ಪಟ್ಟೆಗಳು. ಬ್ರಹ್ಮಪುತ್ರದ ಕಡೆಯ ತೊರೆಗಳದು. ಗಪ್ಪಿಯಂತೆ ಸಲೀಸಲ್ಲ. ಒಣ ಆಹಾರವನ್ನು ಮೂಸಿಯೂ ನೋಡುವುದಿಲ್ಲ, ಜೀವಂತ ಆಹಾರವೇ ಬೇಕು. ಮೊದಲ ವರ್ಷ ಇದಕ್ಕೆ ಕೈಹಾಕಬೇಡಿ.

ಕೊನೆಯ ಎರಡೂ ಮೀನುಗಳನ್ನು 1822ರಲ್ಲಿ ಗಂಗಾನದಿಯ ಮೀನುಗಳ ಪುಸ್ತಕದಲ್ಲಿ ಮೊದಲು ವರ್ಣಿಸಿದವರು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ನಂತರ, 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ ಬೆಳೆ, ಮಣ್ಣು, ಜನಜೀವನವನ್ನು ದಾಖಲಿಸಿದ ಅದೇ ಬುಕಾನನ್. ನಮ್ಮ ಊರುಗಳ ಇತಿಹಾಸ ಓದುವಾಗ ಕಾಣುವ ಹೆಸರನ್ನು ಹ್ಯಾನೋವರಿನಲ್ಲಿ ಮೀನಿನ ಪುಸ್ತಕದಲ್ಲಿ ಕಂಡು ನಮಗೆ ಆಶ್ಚರ್ಯವಾಯಿತು.

ಮೊಟ್ಟೆಯಿಂದ ಮೀನಿನವರೆಗೆ

ಮೊಟ್ಟೆಯಿಡುವ ಮೀನಿನಲ್ಲಿ ಮರಿ ಮಾಡಿಸಲು ಜೀಬ್ರಾ ಮೀನಿನಿಂದ ಆರಂಭಿಸಿ. ಇವು ಮೊಟ್ಟೆಗಳನ್ನು ಚೆಲ್ಲಿ, ತಿರುಗಿ ಬಂದು ತಾವೇ ತಿಂದುಬಿಡುತ್ತವೆ. ಆದ್ದರಿಂದ ಹತ್ತು, ಹದಿನೈದು ಲೀಟರಿನ ಇನ್ನೊಂದು ಚಿಕ್ಕ ಟ್ಯಾಂಕ್ ಬೇಕು. ಅದರ ತಳದಲ್ಲಿ ಮಕ್ಕಳ ಗೋಲಿಗಳನ್ನು ಎರಡು ಪದರ ಹರಡಿ. ಮೊಟ್ಟೆಗಳು ಗೋಲಿಗಳ ಸಂದಿಗೆ ಇಳಿದರೆ ದೊಡ್ಡ ಮೀನಿಗೆ ಸಿಗುವುದಿಲ್ಲ. ನೀರು 26ರಿಂದ 28 ಡಿಗ್ರಿ ಇರಲಿ.

ಹೊಟ್ಟೆ ದುಂಡಗಿರುವ ಹೆಣ್ಣೊಂದು, ತೆಳ್ಳಗಿನ ಗಂಡು ಎರಡು, ಇವನ್ನು ಸಂಜೆ ಬಿಟ್ಟು ದೀಪ ಆರಿಸಿ. ಬೆಳಿಗ್ಗೆ ಬೆಳಕು ಬಿದ್ದ ಸ್ವಲ್ಪ ಹೊತ್ತಿನಲ್ಲಿ ಮೊಟ್ಟೆಯಿಡುತ್ತವೆ. ಕೂಡಲೇ ದೊಡ್ಡ ಮೀನುಗಳನ್ನು ತೆಗೆದುಬಿಡಿ. ಮೊಟ್ಟೆ ಸಾಸಿವೆ ಕಾಳಿಗಿಂತ ಚಿಕ್ಕದು, ಗಾಜಿನಂತೆ ಪಾರದರ್ಶಕ. ಭೂತಗನ್ನಡಿಯಲ್ಲಿ ನೋಡಿದರೆ ಮರುದಿನವೇ ಒಳಗೆ ಕಣ್ಣಿನ ಗುರುತು, ಹೃದಯದ ಬಡಿತ ಕಾಣುತ್ತದೆ. ನಮ್ಮ ಮಕ್ಕಳು ಅಂದು ಶಾಲೆಗೆ ಹೊರಡಲು ತಯಾರಿರಲಿಲ್ಲ. ಬೆಳ್ಳಗಾದ ಮೊಟ್ಟೆ ಸತ್ತ ಮೊಟ್ಟೆ. ಅದನ್ನು ತೆಗೆಯದಿದ್ದರೆ ಬೂಷ್ಟು ಪಕ್ಕದ ಮೊಟ್ಟೆಗೂ ಹರಡುತ್ತದೆ. ಎರಡು ಮೂರು ದಿನಕ್ಕೆ ಮರಿ ಹೊರಬರುತ್ತದೆ. ಮೊದಲು ಸೂಜಿಯ ಚೂರಿನಂತೆ ಗಾಜಿಗೆ ಅಂಟಿಕೊಂಡು, ಹೊಟ್ಟೆಗೆ ಅಂಟಿದ ಹಳದಿಯ ಬುತ್ತಿಯನ್ನು ತಿಂದು ಮುಗಿಸುತ್ತದೆ. ಐದನೆಯ ದಿನದ ಹೊತ್ತಿಗೆ ಈಜತೊಡಗುತ್ತದೆ. ಕಲಿಸುವವರು ಯಾರೂ ಬೇಕಿಲ್ಲ!

ಡಾರಿಯೊ ವಿಷಯದಲ್ಲಿ ನಾವು ಎರಡು ಬಾರಿ ಸೋತೆವು. ಮೊದಲ ಬಾರಿ ಚೆಂದದ ಬಣ್ಣ ನೋಡಿ ಆರಿಸಿದ್ದ ನಾಲ್ಕೂ ಗಂಡಾಗಿದ್ದವು. ಬಣ್ಣವಿಲ್ಲದ ಹೆಣ್ಣುಗಳನ್ನು ಕೊಳ್ಳುವವರಿಲ್ಲವೆಂದು ಅಂಗಡಿಗಳಿಗೆ ಅವು ಬರುವುದೇ ಕಡಿಮೆ. ಎರಡನೆಯ ಬಾರಿ ಹೆಣ್ಣು ಸಿಕ್ಕಿತು, ಮೊಟ್ಟೆಯೂ ಆಯಿತು, ಮರಿಗಳು ಹಸಿವಿನಿಂದ ಸತ್ತವು. ಮೂರನೆಯ ಬಾರಿ ಒಂದು ಗಂಡು, ಮೂರು ಹೆಣ್ಣುಗಳನ್ನು ಜಾವಾ ಪಾಚಿ ದಟ್ಟವಾಗಿ ತುಂಬಿದ ಟ್ಯಾಂಕಿನಲ್ಲಿ ಬಿಟ್ಟೆವು. ಗಂಡು ಒಂದು ಪಾಚಿಯ ಗುಡ್ಡೆಯನ್ನು ತನ್ನ ರಾಜ್ಯ ಮಾಡಿಕೊಂಡು ಹೆಣ್ಣನ್ನು ಅಲ್ಲಿಗೆ ಕರೆಯಿತು. ಮೊಟ್ಟೆಗಳನ್ನು ಗಿಡಗಳ ನಡುವೆ ಇಡುತ್ತವೆ. ಆ ಪಾಚಿಯನ್ನೇ ಎತ್ತಿ ಬೇರೆ ಪಾತ್ರೆಗೆ ಹಾಕಿದೆವು. ಈ ಸಲ ಮರಿಗಳಿಗೆ ಊಟ ಮೊದಲೇ ತಯಾರಿತ್ತು. ಏಳು ಮರಿಗಳು ಬದುಕಿದವು.

ಮರಿಗಳ ಊಟ

ಮೀನು ಮರಿಗಳು ಸಾಯುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಹಸಿವು ಅಥವಾ ಹೆಚ್ಚಾದ ಊಟದಿಂದ ಕೆಟ್ಟ ನೀರು. ಆದ್ದರಿಂದ ಮೊಟ್ಟೆ ಬರುವ ಮೊದಲೇ ಅಡುಗೆ ಮನೆ ಸಿದ್ಧವಾಗಬೇಕು.

ಮೊದಲ ವಾರದ ಊಟ ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು. ಒಂದು ಜಾಡಿಯಲ್ಲಿ ಹಳೆಯ ಟ್ಯಾಂಕಿನ ನೀರು ಹಾಕಿ, ಒಣಹುಲ್ಲು ಅಥವಾ ಬಾಳೆಹಣ್ಣಿನ ಸಿಪ್ಪೆಯ ಚಿಕ್ಕ ತುಂಡು ಹಾಕಿ ಕಿಟಕಿಯ ಬಳಿ ಇಡಿ. ಮೊದಲು ನೀರು ಹಾಲಿನಂತೆ ಕದಡುತ್ತದೆ, ವಾಸನೆಯೂ ಬರುತ್ತದೆ. ಒಂದು ವಾರದಲ್ಲಿ ತಿಳಿಯಾಗತೊಡಗಿದಾಗ ಸೂಕ್ಷ್ಮಜೀವಿಗಳು ತುಂಬಿರುತ್ತವೆ. ದಿನಕ್ಕೆ ಮೂರು ನಾಲ್ಕು ಬಾರಿ ಕೆಲವು ಹನಿಗಳನ್ನು ಮರಿಗಳಿಗೆ ಹಾಕಿ.

ಎರಡನೆಯ ವಾರದಿಂದ ಆರ್ಟೀಮಿಯಾ ಎಂಬ ಉಪ್ಪುನೀರಿನ ಸೀಗಡಿಯ ಮರಿ. ಅಮೆರಿಕದ ಗ್ರೇಟ್ ಸಾಲ್ಟ್ ಲೇಕ್ ಮುಂತಾದ ಉಪ್ಪಿನ ಸರೋವರಗಳಿಂದ ಬರುವ ಇದರ ಒಣ ಮೊಟ್ಟೆಗಳು ಡಬ್ಬಿಯಲ್ಲಿ ಸಿಗುತ್ತವೆ. ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಉಪ್ಪು ಬೆರೆಸಿ, ಅರ್ಧ ಚಮಚ ಮೊಟ್ಟೆ ಹಾಕಿ, ಗಾಳಿಯ ಕೊಳವೆ ಬಿಟ್ಟು 25–28 ಡಿಗ್ರಿಯಲ್ಲಿ ಇಟ್ಟರೆ ಒಂದರಿಂದ ಒಂದೂವರೆ ದಿನದಲ್ಲಿ ಕಿತ್ತಳೆ ಬಣ್ಣದ ಮರಿಗಳು ಏಳುತ್ತವೆ. ಸಣ್ಣ ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಬೇಕು. ಡಾರಿಯೊದಂತಹ ಚಿಕ್ಕ ಬಾಯಿಯ ಮೀನಿಗೆ ಇದು ದೊಡ್ಡವಾದ ಮೇಲೂ ಒಳ್ಳೆಯ ಆಹಾರ.

ಮರಿಗಳ ಪಾತ್ರೆಯ ನೀರನ್ನು ದಿನವೂ ಹತ್ತನೇ ಒಂದು ಭಾಗ ಬದಲಿಸಿ. ತಳದ ಕಸವನ್ನು ಸಣ್ಣ ಕೊಳವೆಯಿಂದ ಎಳೆದು ತೆಗೆಯುವಾಗ ಬಿಳಿ ಬಟ್ಟಲಿಗೆ ಬಿಡಿ. ಜೊತೆಯಲ್ಲಿ ಬಂದ ಮರಿಗಳು ಅದರಲ್ಲಿ ಎದ್ದು ಕಾಣುತ್ತವೆ, ಹಿಂದಕ್ಕೆ ಬಿಡಬಹುದು.

ಬೇಸಿಗೆ ರಜೆಯಲ್ಲಿ ಏನು ಮಾಡುವುದು?

ನಮ್ಮವರೆಲ್ಲರೂ ಕೇಳುವ ಪ್ರಶ್ನೆ ಇದು. ಶಾಲೆಗೆ ಆರು ವಾರ ರಜೆ, ನಾವೆಲ್ಲ ಊರಿಗೆ. ದೊಡ್ಡ ಮೀನುಗಳು ಒಂದು ವಾರ ಊಟವಿಲ್ಲದೆ ಸುಖವಾಗಿರುತ್ತವೆ. ಅದಕ್ಕೂ ಹೆಚ್ಚಾದರೆ ನೆರೆಯವರ ಸಹಾಯ ಬೇಕು. ಆದರೆ ಡಬ್ಬಿಯನ್ನೇ ಅವರ ಕೈಗೆ ಕೊಡಬೇಡಿ. ಪ್ರೀತಿಯಿಂದ ಹೆಚ್ಚು ಹಾಕುತ್ತಾರೆ, ಮತ್ತೆ ನಮ್ಮ ಮೊದಲ ಕಥೆಯೇ. ಎರಡು ದಿನಕ್ಕೊಂದರಂತೆ ಚಿಟಿಕೆ ಆಹಾರವನ್ನು ಕಾಗದದ ಪೊಟ್ಟಣಗಳಲ್ಲಿ ಕಟ್ಟಿ, ಮೇಲೆ ದಿನಾಂಕ ಬರೆದಿಡಿ. ದೀಪಕ್ಕೆ ಟೈಮರ್ ಹಾಕಿ. ಹೊರಡುವ ಹಿಂದಿನ ವಾರ ಹೊಸ ಮೀನು ತರಬೇಡಿ. ರಜೆಗೆ ಎರಡು ತಿಂಗಳು ಇರುವಾಗ ಮರಿ ಮಾಡಿಸುವುದನ್ನು ನಿಲ್ಲಿಸಿ. ದಿನಕ್ಕೆ ನಾಲ್ಕು ಬಾರಿ ಮರಿಗಳಿಗೆ ಉಣಿಸುವ ಕೆಲಸವನ್ನು ಯಾವ ನೆರೆಯವರಿಗೂ ಹೊರಿಸಬಾರದು.

ತುಂಗೆಯ ಹುಲಿ

ಡಾರಿಯೊ ಮರಿಗಳು ಬೆಳೆಯುತ್ತಿದ್ದ ದಿನಗಳಲ್ಲಿ ಮಗಳು ಆ ಕುಲದ ಮೀನುಗಳ ಪಟ್ಟಿ ಓದುತ್ತಿದ್ದಳು. ಒಂದು ಹೆಸರಿನ ಬಳಿ ನಿಂತು ಕೇಳಿದಳು: "ಡಾರಿಯೊ ಹುಲಿ. ಇದು ನಮ್ಮ ಹುಲೀನಾ?"

ಹೌದು, ನಮ್ಮ ಹುಲಿಯೇ. ಜರ್ಮನಿಯ ಮೀನು ವಿಜ್ಞಾನಿ ರಾಲ್ಫ್ ಬ್ರಿಟ್ಸ್ ಮತ್ತು ಕೇರಳದ ಅನ್ವರ್ ಅಲಿ 2015ರಲ್ಲಿ ತುಂಗಾ ನದಿಯ ಜಲಾನಯನದ ಒಂದು ಚಿಕ್ಕ ಹೊಳೆಯಿಂದ ಈ ಹೊಸ ಮೀನನ್ನು ವರ್ಣಿಸಿದರು. ಮೈಮೇಲಿನ ಕಪ್ಪು ಪಟ್ಟೆಗಳನ್ನು ನೋಡಿ ಕನ್ನಡದ ಹುಲಿ ಎಂಬ ಪದವನ್ನೇ ಹೆಸರಾಗಿ ಇಟ್ಟರು. ಒಂದು ಅಂಗುಲದ ಹುಲಿ! ಶೃಂಗೇರಿಯ ಸೋಪಾನದಲ್ಲಿ ನಿಂತು ತುಂಗೆಯ ದೊಡ್ಡ ದೊಡ್ಡ ಮೀನುಗಳಿಗೆ ಮಂಡಕ್ಕಿ ಹಾಕಿದವರು ನಮ್ಮಲ್ಲಿ ಎಷ್ಟು ಮಂದಿ! ಆ ಮೀನುಗಳು ದೇವರ ಮೀನುಗಳೆಂದು ಯಾರೂ ಮುಟ್ಟುವುದಿಲ್ಲ. ಅದೇ ನದಿಗೆ ಸೇರುವ ತೊರೆಯ ಪಾಚಿಯಲ್ಲಿದ್ದ ಈ ಪುಟ್ಟ ಹುಲಿಗೆ 2015ರವರೆಗೆ ವಿಜ್ಞಾನದಲ್ಲಿ ಹೆಸರೇ ಇರಲಿಲ್ಲ.

ತುಂಗೆಯ ಇನ್ನೊಂದು ಮೀನಿನ ಕಥೆಯನ್ನೂ ತಿಳಿಯಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕರೂ ಮುಂದೆ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರೂ ಆದ ಸಿ. ಆರ್. ನಾರಾಯಣ ರಾವ್ 1920ರಲ್ಲಿ ಶಿವಮೊಗ್ಗದ ತುಂಗೆಯಿಂದ ಬೋಟಿಯಾ ಸ್ಟ್ರಿಯಾಟಾ ಎಂಬ ಪಟ್ಟೆಪಟ್ಟೆಯ ಮೀನನ್ನು ವರ್ಣಿಸಿದರು. ಪಶ್ಚಿಮ ಘಟ್ಟದ ಹೊಳೆಗಳನ್ನು ಬಿಟ್ಟು ಇದು ಬೇರೆಲ್ಲೂ ಹುಟ್ಟುವುದಿಲ್ಲ. ಇಂದು ಇದು ಜಗತ್ತಿನ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಮೀನು, ಜೊತೆಗೆ ಅಳಿವಿನ ಅಂಚಿನಲ್ಲಿರುವ ಮೀನುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿಯೂ ಇದರ ಹೆಸರಿದೆ. ಮನೆಯ ಟ್ಯಾಂಕಿನಲ್ಲಿ ಇದು ಮರಿ ಮಾಡುವುದು ಬಹಳ ಅಪರೂಪ. 2005ರಿಂದ 2012ರ ನಡುವೆ ಭಾರತದಿಂದ ಅಳಿವಿನ ಭೀತಿಯಲ್ಲಿರುವ 30 ಜಾತಿಗಳ ಕನಿಷ್ಠ 15 ಲಕ್ಷ ಸಿಹಿನೀರಿನ ಮೀನುಗಳು ಅಕ್ವೇರಿಯಂ ವ್ಯಾಪಾರಕ್ಕಾಗಿ ಹೊರದೇಶಗಳಿಗೆ ಹೋದವು ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ.

ಈ ಸಂಖ್ಯೆ ಓದಿದ ದಿನ ನಮಗೆ ನಮ್ಮ ಹನ್ನೊಂದು ಗಪ್ಪಿಗಳು ನೆನಪಾದವು. ಸತ್ತ ಮೀನಿನ ಜಾಗಕ್ಕೆ ಇನ್ನೊಂದನ್ನು ಕೊಂಡು ತರುವುದು ಸುಲಭ. ಆದರೆ ಪ್ರತಿ ಬಾರಿಯೂ ಎಲ್ಲೋ ಒಂದು ಹೊಳೆಯಲ್ಲಿ ಬಲೆ ಬೀಳುತ್ತಿರಬಹುದು, ಆ ಹೊಳೆ ನಮ್ಮೂರಿನದೇ ಆಗಿರಬಹುದು. ಮರಿ ಮಾಡಿಸುವುದನ್ನು ಕಲಿಯುವುದು ಬರೀ ಹವ್ಯಾಸದ ಹೆಮ್ಮೆಗಲ್ಲ ಎಂದು ನಾವು ಹೇಳುವುದು ಇದಕ್ಕೇ. ಮನೆಯಲ್ಲಿ ಹುಟ್ಟಿದ ಒಂದು ಮೀನು ಹೊಳೆಯಲ್ಲಿ ಉಳಿದ ಒಂದು ಮೀನು. ಆದ್ದರಿಂದ ಕೊಳ್ಳುವಾಗ ಇದು ಸಾಕಿ ಬೆಳೆಸಿದ್ದೋ, ಹೊಳೆಯಿಂದ ಹಿಡಿದದ್ದೋ ಎಂದು ಕೇಳಿ. ಇಲ್ಲಿನ ಹವ್ಯಾಸಿ ಸಂಘಗಳು ನಡೆಸುವ, ಬೋರ್ಸೆ ಎಂದು ಕರೆಯುವ ಮೀನಿನ ಸಂತೆಗಳಲ್ಲಿ ಸದಸ್ಯರು ಮನೆಯಲ್ಲೇ ಮಾಡಿಸಿದ ಮರಿಗಳು ಸಿಗುತ್ತವೆ. ಊರಿಗೆ ಹೋದಾಗ ತೊರೆಯ ಮೀನನ್ನು ಬಾಟಲಿಯಲ್ಲಿ ಹಿಡಿದು ತರುವ ಆಸೆ ಬೇಡ. ತುಂಗೆಯ ಹುಲಿಯನ್ನು ಸಾಕುವ ಆಸೆ ನಮ್ಮ ಮಗಳಿಗೂ ಇದೆ. ಮನೆಯಲ್ಲಿ ಹುಟ್ಟಿದ ಜೋಡಿ ಸಿಗುವವರೆಗೆ ಕಾಯುತ್ತೇನೆ ಎಂದಿದ್ದಾಳೆ.

ಹೊರಗೆ ಬಿಡಬೇಡಿ

ಮರಿಗಳು ಹೆಚ್ಚಾದಾಗ ಲೈನೆ ನದಿಗೋ ಮಾಶ್‌ಸೇ ಸರೋವರಕ್ಕೋ ಬಿಟ್ಟರೆ ಪುಣ್ಯ ಬರುತ್ತದೆ ಎಂದು ಕೆಲವರು ತಿಳಿಯುತ್ತಾರೆ. ಹಾಗಲ್ಲ. ಚಳಿಗಾಲದಲ್ಲಿ ಅವು ಖಂಡಿತ ಸಾಯುತ್ತವೆ. ನೀರು ಬೆಚ್ಚಗಿದ್ದು ಬದುಕಿದರೆ ಅದು ಇನ್ನೂ ಕೆಟ್ಟದ್ದು. ಕಲೋನ್ ಬಳಿಯ ಗಿಲ್‌ಬಾಖ್ ಎಂಬ ಹಳ್ಳಕ್ಕೆ ವಿದ್ಯುತ್ ಸ್ಥಾವರದ ಬಿಸಿನೀರು ಸೇರುತ್ತಿದ್ದುದರಿಂದ ಯಾರೋ ಬಿಟ್ಟ ಗಪ್ಪಿಗಳು ಅಲ್ಲಿ ಸಂಸಾರ ಹೂಡಿದವು. ನಮ್ಮ ದೇಶದ ಕೆರೆ, ತೊರೆಗಳಲ್ಲಿಯೂ ಗಪ್ಪಿ ಹರಡಿ ಸ್ಥಳೀಯ ಮೀನುಗಳಿಗೆ ಪೈಪೋಟಿ ಕೊಡುತ್ತಿದೆ. ಹೆಚ್ಚಾದ ಮೀನನ್ನು ಇನ್ನೊಂದು ಮನೆಗೆ ಕೊಡಿ, ನೀರಿಗೆ ಬಿಡಬೇಡಿ.

ನೆನಪಿಡಬೇಕಾದ ಮಾತುಗಳು

1. ಟ್ಯಾಂಕ್ ಇಂದು, ಮೀನು ಮುಂದಿನ ತಿಂಗಳು.
2. ತಿಳಿನೀರೆಲ್ಲ ಒಳ್ಳೆಯ ನೀರಲ್ಲ. ಅಳೆದು ನೋಡಿ.
3. ದಿನಕ್ಕೆ ಒಂದೆರಡು ಬಾರಿ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಊಟ. ವಾರಕ್ಕೊಂದು ದಿನ ಉಪವಾಸ, ಏಕಾದಶಿ ಎಂದುಕೊಳ್ಳಿ!
4. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ.
5. ಮರಿಯ ಊಟ ಸಿದ್ಧವಾದ ಮೇಲೆ ಮೊಟ್ಟೆ.
6. ಸಾಕಿದ ಮೀನನ್ನು ಕೊಳ್ಳಿ, ಹೊಳೆಯಿಂದ ಹಿಡಿದದ್ದನ್ನಲ್ಲ.

ನಮ್ಮ ಟ್ಯಾಂಕಿಗೆ ಈಗ ವಯಸ್ಸಾಗಿದೆ, ಒಳ್ಳೆಯ ಅರ್ಥದಲ್ಲಿ. ಅದರ ಫಿಲ್ಟರಿನಲ್ಲಿ ವರ್ಷಗಳ ಹೆಪ್ಪು ಇದೆ. ಊರಿನಲ್ಲಿ ಸಂಜೆ ಹೊತ್ತು ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗಿ ಒಂದು ಚಮಚ ಹೆಪ್ಪು ಕೇಳುವ ರೂಢಿ ಇತ್ತಲ್ಲ, ಯಾರೂ ಇಲ್ಲ ಎನ್ನುತ್ತಿರಲಿಲ್ಲ. ಸಂಘದ ಯಾವುದೇ ಮನೆಯಲ್ಲಿ ಹೊಸ ಟ್ಯಾಂಕ್ ಇಡುವ ಯೋಚನೆ ಇದ್ದರೆ ಮುಂದಿನ ಕಾರ್ಯಕ್ರಮದಲ್ಲಿ ನಮಗೆ ತಿಳಿಸಿ. ಸ್ಪಂಜಿನ ಒಂದು ತುಂಡನ್ನು ನೀರಿನ ಡಬ್ಬಿಯಲ್ಲಿ ಹಾಕಿ ತಂದುಕೊಡುತ್ತೇವೆ. ನಾಲ್ಕು ವಾರ ಕಾದ ಮೇಲೆ ಮರಿಗಳನ್ನು ಕೊಡುವ ಕೆಲಸ ನಮ್ಮ ಮಗಳದು. ಆದರೆ ಅವಳು ಮೊದಲು ನಿಮ್ಮ ಕ್ಯಾಲೆಂಡರ್ ನೋಡಲು ಕೇಳುತ್ತಾಳೆ, ನೈಟ್ರೈಟ್ ಏರಿ ಇಳಿದಿದೆಯೇ ಎಂದು.